ತಿಪ್ಪೆಯ ಕಾವಿನಲ್ಲಿ ಮರಿ ಮಾಡಿಸಿದ ರೆಯೊಮ್ಯೂರ್

ಮನೆಯಲ್ಲಿ ಕೋಳಿ ಸಾಕಿದವರಿಗೆ ಈ ಲೆಕ್ಕ ಬಾಯಿಪಾಠ. ಹೇಂಟೆಯನ್ನು ಕಾವಿಗೆ ಕೂರಿಸಿದರೆ 21ನೇ ದಿನಕ್ಕೆ ಮರಿ. ಬುಟ್ಟಿಗೆ ಒಣಹುಲ್ಲು ಹಾಕಿ, ಹತ್ತು ಹನ್ನೆರಡು ಮೊಟ್ಟೆ ಜೋಡಿಸಿ, ಕತ್ತಲೆ ಮೂಲೆಯಲ್ಲಿ ಇಟ್ಟರೆ ಮುಂದಿನ ಕೆಲಸವನ್ನೆಲ್ಲ ಹೇಂಟೆಯೇ ನೋಡಿಕೊಳ್ಳುತ್ತದೆ. ಆದರೆ ಆ ಮೂರು ವಾರ ಅದು ಮೊಟ್ಟೆ ಇಡುವುದಿಲ್ಲ. ಮರಿಗಳನ್ನು ಮೇಯಿಸಿಕೊಂಡು ತಿರುಗುವ ಮುಂದಿನ ಹಲವು ವಾರಗಳೂ ಇಡುವುದಿಲ್ಲ. ಕಾವಿಗೆ ಕೂರುವುದೂ ಅದರ ಮರ್ಜಿ. ಮಾಲೀಕನಿಗೆ ಮರಿ ಬೇಕೆನಿಸಿದ ಕಾಲಕ್ಕೆ ಹೇಂಟೆಗೆ ಕಾವು ಬರಬೇಕೆಂದೇನೂ ಇಲ್ಲ.

ಹೇಂಟೆಯ ಮರ್ಜಿ ಕಾಯದೆ ಯಾವ ಕಾಲದಲ್ಲಾದರೂ ಮರಿ ಪಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ತಿಪ್ಪೆಯ ಪಕ್ಕದಲ್ಲಿ ದಿನಗಟ್ಟಲೆ ನಿಂತವರು ಹದಿನೆಂಟನೆಯ ಶತಮಾನದ ಫ್ರೆಂಚ್ ವಿಜ್ಞಾನಿ ರೆನೆ ಆಂತ್ವಾನ್ ಫೆರ್ಶೋ ದ ರೆಯೊಮ್ಯೂರ್. ಭೌತಶಾಸ್ತ್ರದ ಹಳೆಯ ಪುಸ್ತಕಗಳಲ್ಲಿ ಸೆಲ್ಸಿಯಸ್, ಫ್ಯಾರನ್‌ಹೀಟ್ ಜೊತೆಗೆ ಮೂರನೆಯದಾಗಿ ಬರುವ ಉಷ್ಣಮಾಪಕ ಇವರದೇ. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆಯಾಗಿ ಓದಿ ಮರೆತುಬಿಡುವ ಆ ಹೆಸರಿನ ಹಿಂದೆ ಇಷ್ಟೊಂದು ಕೋಳಿಮರಿಗಳಿವೆ ಎಂದು ನನಗೂ ಗೊತ್ತಿರಲಿಲ್ಲ.

ರೆಯೊಮ್ಯೂರ್ ಹುಟ್ಟಿದ್ದು 1683ರ ಫೆಬ್ರವರಿ 28ರಂದು, ಫ್ರಾನ್ಸಿನ ಪಶ್ಚಿಮ ಕರಾವಳಿಯ ಲಾ ರೋಶೆಲ್ ಎಂಬ ಬಂದರು ಪಟ್ಟಣದಲ್ಲಿ. ಹಸುಗೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಓದಿದ್ದು ಕಾನೂನು. 1703ರಲ್ಲಿ ಪ್ಯಾರಿಸ್ಸಿಗೆ ಬಂದ ಮೇಲೆ ಗಣಿತದ ಕಡೆ ಮನಸ್ಸು ಹರಿಯಿತು. 1708ರಲ್ಲಿ, ಇನ್ನೂ 25ರ ಆಸುಪಾಸಿನಲ್ಲಿರುವಾಗಲೇ, ಅಲ್ಲಿನ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಸ್ವಲ್ಪ ಕಾಲದಲ್ಲೇ ಅಕಾಡೆಮಿ ಅವರಿಗೆ ಒಂದು ವಿಚಿತ್ರ ಕೆಲಸ ಒಪ್ಪಿಸಿತು. ದೇಶದ ಎಲ್ಲ ಕಸುಬುಗಳನ್ನೂ, ಅಂದರೆ ಕಮ್ಮಾರ, ಕುಂಬಾರ, ಚರ್ಮ ಹದ ಮಾಡುವವನು ಮುಂತಾದವರು ಕೈಯಲ್ಲಿ ಮಾಡುತ್ತಿದ್ದುದನ್ನು ನೋಡಿ, ಕೇಳಿ, ಬರೆದಿಡುವ ಕೆಲಸ ಅದು. ಕಸುಬುದಾರರ ಗುಟ್ಟುಗಳು ಆಗ ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತಿದ್ದವು. ಅವುಗಳನ್ನು ಅಕ್ಷರಕ್ಕಿಳಿಸಿದರೆ ಎಲ್ಲರಿಗೂ ಪ್ರಯೋಜನ ಎಂಬುದು ರೆಯೊಮ್ಯೂರ್ ಅವರ ನಂಬಿಕೆ. ಬೀಡುಕಬ್ಬಿಣ ಮತ್ತು ಉಕ್ಕಿನ ಬಗ್ಗೆ 1722ರಲ್ಲಿ ಬರೆದ ಪುಸ್ತಕಕ್ಕೆ ಸರ್ಕಾರ ವರ್ಷಕ್ಕೆ 12,000 ಲಿವ್ರ್ ಪಿಂಚಣಿ ಕೊಟ್ಟಾಗ, ತನ್ನ ನಂತರ ಆ ಹಣ ಅಕಾಡೆಮಿಗೇ ಸಲ್ಲಬೇಕೆಂದು ಕೇಳಿಕೊಂಡರು.

ಅವರು ಕೈ ಹಾಕದ ವಿಷಯ ಕಡಿಮೆ. ಕಣಜಗಳು ಮರದ ನಾರನ್ನು ಜಗಿದು ಕಾಗದದಂಥ ಗೂಡು ಕಟ್ಟುವುದನ್ನು ನೋಡಿ, ಮನುಷ್ಯರೂ ಮರದಿಂದ ಕಾಗದ ಮಾಡಬಹುದಲ್ಲ ಎಂದು 1719ರಲ್ಲೇ ಸೂಚಿಸಿದರು. ಆಗ ಯುರೋಪಿನಲ್ಲಿ ಕಾಗದವೆಲ್ಲ ಹಳೆಬಟ್ಟೆಯಿಂದ ತಯಾರಾಗುತ್ತಿತ್ತು. 1734ರಿಂದ 1742ರವರೆಗೆ ಕೀಟಗಳ ಕುರಿತು ಆರು ಸಂಪುಟ ಬರೆದರು. 1730ರ ಸುಮಾರಿಗೆ ಉಷ್ಣಮಾಪಕ ಮಾಡಿದರು. ನೀರು ಹೆಪ್ಪುಗಟ್ಟುವುದು 0, ಕುದಿಯುವುದು 80. ಕೊಳವೆಯಲ್ಲಿ ಪಾದರಸವಲ್ಲ, ಬಣ್ಣ ಹಾಕಿದ ಮದ್ಯಸಾರ. ಈ ಉಷ್ಣಮಾಪಕ ಇಲ್ಲದಿದ್ದರೆ ಮುಂದಿನ ಕಥೆಯೂ ಇಲ್ಲ.

ಈಗ ಸ್ವಲ್ಪ ಹೊತ್ತು ಈಜಿಪ್ಟಿಗೆ ಹೋಗಬೇಕು. ಹೇಂಟೆ ಇಲ್ಲದೆ ಮರಿ ಮಾಡಿಸುವ ವಿದ್ಯೆ ಅಲ್ಲಿ ಎರಡು ಸಾವಿರ ವರ್ಷಗಳಿಂದ ನಡೆದುಬಂದಿತ್ತು. ಈಜಿಪ್ಟಿನವರು ಮೊಟ್ಟೆಗಳನ್ನು ಗೊಬ್ಬರದಲ್ಲಿ ಹೂತು ಮರಿ ಮಾಡಿಸುತ್ತಾರೆ ಎಂದು ಗ್ರೀಸಿನ ಅರಿಸ್ಟಾಟಲ್ ಬರೆದಿದ್ದ. ನಂತರದ ಕಾಲಕ್ಕೆ ಅದು ಇಟ್ಟಿಗೆಯ ಒಲೆಮನೆಯಾಗಿ ಬೆಳೆಯಿತು. ಮಧ್ಯದಲ್ಲಿ ಉದ್ದನೆಯ ಓಣಿ, ಎರಡೂ ಬದಿಗೆ ಸಾಲು ಸಾಲು ಗೂಡುಗಳು, ಪ್ರತಿ ಗೂಡಿಗೂ ಎರಡು ಅಂತಸ್ತು. ಕೆಳಗಿನದರಲ್ಲಿ ಚಾಪೆಯ ಮೇಲೆ ಸಾವಿರಾರು ಮೊಟ್ಟೆ. ಮೇಲಿನದರಲ್ಲಿ ಬೆರಣಿ ಮತ್ತು ಹೊಟ್ಟಿನ ನಿಧಾನ ಬೆಂಕಿ. ಕೆಲಸದವನು ತೂತಿನ ಮೂಲಕ ಒಳಗೆ ತೆವಳಿಕೊಂಡು ಹೋಗಿ ಮೊಟ್ಟೆಗಳನ್ನು ಹೊರಳಿಸಬೇಕು, ಅಂಚಿನದನ್ನು ನಡುವಿಗೂ ನಡುವಿನದನ್ನು ಅಂಚಿಗೂ ಬದಲಿಸಬೇಕು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಬೆಂಕಿ ನಿಲ್ಲಿಸುತ್ತಾರೆ. ಒಳಗಿನ ಮರಿಗಳೇ ಆಗ ತಮ್ಮ ಮೈಯ ಬಿಸಿಯಿಂದ ಒಂದನ್ನೊಂದು ಕಾಯಿಸುತ್ತವೆ.

ಬಿಸಿ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಮೊಟ್ಟೆಯನ್ನು ತೆಗೆದು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿ ನೋಡುವುದು. ರೆಪ್ಪೆಯ ಚರ್ಮ ತೀರಾ ತೆಳು. ಒಂದೆರಡು ಡಿಗ್ರಿಯ ವ್ಯತ್ಯಾಸವನ್ನೂ ಅದು ಹಿಡಿಯುತ್ತದೆ. ಹುಡುಗನಾಗಿದ್ದಾಗಿನಿಂದ ಒಲೆಮನೆಯಲ್ಲೇ ಬೆಳೆದವನಿಗೆ ಇದು ಸಾಕು.

ನೈಲ್ ನದಿಯ ಮುಖಜಭೂಮಿಯಲ್ಲಿ ಬೆರ್ಮೆ ಎಂಬ ಊರಿನವರು ಈ ವಿದ್ಯೆಯಲ್ಲಿ ಹೆಸರಾಗಿದ್ದರು. ಹೊರಗಿನವರಿಗೆ ಕಲಿಸುತ್ತಿರಲಿಲ್ಲ. ಕಾಲ ಬಂದಾಗ ಊರೂರಿಗೆ ಹೋಗಿ ಒಲೆಮನೆ ನಡೆಸಿಕೊಡುವುದು ಅವರ ಕಸುಬು. ಒಪ್ಪಂದವೂ ಖಚಿತ. ರೆಯೊಮ್ಯೂರ್ ಬರೆದಂತೆ, 45,000 ಮೊಟ್ಟೆ ಒಪ್ಪಿಸಿಕೊಂಡವನು 30,000 ಮರಿಗಳನ್ನು ಮಾಲೀಕನಿಗೆ ಎಣಿಸಿ ಕೊಡಬೇಕು, ಅದಕ್ಕಿಂತ ಹೆಚ್ಚು ಬಂದದ್ದು ತನಗೆ. ಇಡೀ ದೇಶದಲ್ಲಿ 386 ಒಲೆಮನೆಗಳಿವೆ ಎಂದು ಪ್ರವಾಸಿಗಳು ಹೇಳಿದ್ದನ್ನು ಹಿಡಿದು ವರ್ಷಕ್ಕೆ 9 ಕೋಟಿಗೂ ಮೀರಿ ಮರಿಗಳಾಗುತ್ತವೆ ಎಂದು ಅವರು ಗುಣಿಸಿ ತೋರಿಸಿದರು. ಈ ಅಂಕಿ ಪ್ರವಾಸಿಗಳ ಬಾಯಿಮಾತಿನ ಮೇಲೆ ನಿಂತದ್ದು, ಅಕ್ಷರಶಃ ನಂಬಬೇಕಿಲ್ಲ. ಆದರೆ ಈಜಿಪ್ಟಿನವರು ಪಿರಮಿಡ್ಡುಗಳಿಗಿಂತ ಈ ಒಲೆಗಳ ಬಗ್ಗೆಯೇ ಹೆಚ್ಚು ಹೆಮ್ಮೆಪಡಬೇಕು ಎಂದು ರೆಯೊಮ್ಯೂರ್ ಅವರಿಗೆ ಅನ್ನಿಸಿದ್ದು ಇದೇ ಲೆಕ್ಕದಿಂದ.

ಇಲ್ಲಿ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಬಗ್ದಾದಿನ ವೈದ್ಯ ಅಬ್ದುಲ್ ಲತೀಫ್ ಅಲ್-ಬಗ್ದಾದಿ (1162–1231) ಕ್ರಿ.ಶ. 1200ರ ಸುಮಾರಿಗೆ ಈಜಿಪ್ಟಿನಲ್ಲಿದ್ದರು. ಕಣ್ಣಾರೆ ನೋಡಿದ್ದನ್ನಲ್ಲದೆ ಬೇರೆಯದನ್ನು ನಂಬದ ಮನುಷ್ಯ. ಕೆಳದವಡೆ ಎರಡು ಮೂಳೆಗಳದ್ದು ಎಂದು ಗ್ಯಾಲೆನ್ ಬರೆದದ್ದನ್ನು, ರಾಶಿಬಿದ್ದ ಅಸ್ಥಿಪಂಜರಗಳನ್ನು ಪರೀಕ್ಷಿಸಿ, ಅಲ್ಲ ಒಂದೇ ಮೂಳೆ ಎಂದು ತಿದ್ದಿದವರು ಇವರೇ. ಈಜಿಪ್ಟಿನ ಬಗ್ಗೆ ಅರಬ್ಬಿಯಲ್ಲಿ ಬರೆದ ಪುಸ್ತಕದಲ್ಲಿ ಅವರು ಕೋಳಿಮರಿ ಒಲೆಮನೆಯ ಕಟ್ಟಡ ಹೇಗಿರುತ್ತದೆ, ಕೆಲಸಗಾರರು ಏನೇನು ಮಾಡುತ್ತಾರೆ ಎಂಬುದನ್ನೆಲ್ಲ ವಿವರವಾಗಿ ದಾಖಲಿಸಿದ್ದರು. ಆ ಪುಸ್ತಕ ಫ್ರೆಂಚ್ ಭಾಷೆಗೆ ಬಂದದ್ದು 1810ರಲ್ಲಿ, ರೆಯೊಮ್ಯೂರ್ ತೀರಿಕೊಂಡು 53 ವರ್ಷಗಳಾದ ಮೇಲೆ. ಪ್ರವಾಸಿಗಳ ಅರೆಬರೆ ಮಾತುಗಳನ್ನು ಒಟ್ಟುಗೂಡಿಸಿ ಅವರು ತಿಣುಕಾಡುತ್ತಿದ್ದಾಗ, ಐದೂವರೆ ಶತಮಾನ ಹಿಂದೆಯೇ ಬರೆದಿಟ್ಟ ಉತ್ತರದ ಬಹುಭಾಗ ಇನ್ನೊಂದು ಭಾಷೆಯಲ್ಲಿ ಕುಳಿತಿತ್ತು.

ಈ ವಿದ್ಯೆ ಈಜಿಪ್ಟಿನ ಹವೆಯಲ್ಲಿ ಮಾತ್ರ ಸಾಧ್ಯ ಎಂಬ ಮಾತು ಆಗ ಯುರೋಪಿನಲ್ಲಿತ್ತು. ರೆಯೊಮ್ಯೂರ್ ಇದನ್ನು ಒಪ್ಪಲಿಲ್ಲ. ಮೊಟ್ಟೆಗೆ ದೇಶ ಗೊತ್ತಿಲ್ಲ, ಅದಕ್ಕೆ ಬೇಕಾದದ್ದು ಬಿಸಿ ಮಾತ್ರ ಎಂಬುದು ಅವರ ವಾದ. ಎಷ್ಟು ಬಿಸಿ? ಕಾವಿಗೆ ಕೂತ ಹೇಂಟೆಯ ಕೆಳಗೆ ತಮ್ಮ ಉಷ್ಣಮಾಪಕ ಇಟ್ಟರು. ಅವರ ಅಳತೆಯಲ್ಲಿ ಸುಮಾರು 32 ಡಿಗ್ರಿ ತೋರಿಸಿತು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 40 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇರುವ ಇಂದಿನ ಇನ್‌ಕ್ಯುಬೇಟರಿನಲ್ಲಿ 37.5 ಡಿಗ್ರಿಯ ಸುಮಾರಿಗೆ ಇಡುತ್ತಾರೆ. ಗಾಳಿಯಾಡದ ಪೆಟ್ಟಿಗೆಗೆ ಸ್ವಲ್ಪ ಹೆಚ್ಚು ಬೇಕು. ಬೆರ್ಮೆಯವನ ಕಣ್ಣುರೆಪ್ಪೆಗೆ ಮಾತ್ರ ಗೊತ್ತಿದ್ದ ಗುಟ್ಟು ಹೀಗೆ ಒಂದು ಅಂಕಿಯಾಯಿತು. ಅಂಕಿಯನ್ನು ಯಾರು ಬೇಕಾದರೂ ಕಲಿಯಬಹುದು.

ಬೆಂಕಿಯ ಒಲೆಗೆ ಸೌದೆಯ ಖರ್ಚು. ಬಡ ರೈತನ ಮನೆಯಲ್ಲೂ ಬಿಟ್ಟಿ ಸಿಗುವ ಬಿಸಿ ಯಾವುದು? ಕುದುರೆಲಾಯದ ಲದ್ದಿ. ಹಸಿ ಗೊಬ್ಬರದ ರಾಶಿಯೊಳಗೆ ಕೈ ಹಾಕಿದವರಿಗೆ ಅದರ ಬಿಸಿ ಗೊತ್ತಿರುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸುವಾಗ ಹುಟ್ಟುವ ಶಾಖ ಅದು. ಅರಿಸ್ಟಾಟಲ್ ಹೇಳಿದಂತೆ ರೆಯೊಮ್ಯೂರ್ ಮೊದಲು ಗೊಬ್ಬರದಲ್ಲೇ ಮೊಟ್ಟೆ ಹೂತು ನೋಡಿದರು. ಉಷ್ಣಮಾಪಕ ಸರಿಯಾಗೇ ತೋರಿಸುತ್ತಿತ್ತು, ಮರಿ ಮಾತ್ರ ಬರಲಿಲ್ಲ. ಮತ್ತೆ ಇಟ್ಟರು, ಮತ್ತೆ ಸತ್ತವು. ಒಡೆದು ನೋಡಿದರೆ ಭ್ರೂಣ ಕೆಲವು ದಿನ ಬೆಳೆದು ನಿಂತಿರುತ್ತಿತ್ತು.

ಈ ಸೋಲುಗಳನ್ನು ಅವರು ತಮ್ಮ ಪುಸ್ತಕದಲ್ಲಿ ಮುಚ್ಚಿಡಲಿಲ್ಲ ಎನ್ನುವುದು ನನಗೆ ಬಹಳ ಹಿಡಿಸಿತು. ನಾವು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ರೀಡಿಂಗ್ ಸರಿಬರದಿದ್ದರೆ ಪಕ್ಕದವರದನ್ನು ನೋಡಿ ಬರೆಯುತ್ತೇವೆ. ಅವರು ಸತ್ತ ಮೊಟ್ಟೆಗಳ ಲೆಕ್ಕವನ್ನೂ ಬರೆದರು. ಯಾಕೆಂದರೆ ತಪ್ಪು ಎಲ್ಲಿದೆ ಎಂದು ಸಿಕ್ಕಿದ್ದು ಅವುಗಳಲ್ಲೇ. ಕೊಲ್ಲುತ್ತಿದ್ದದ್ದು ಬಿಸಿಯ ಕೊರತೆಯಲ್ಲ, ಗೊಬ್ಬರದಿಂದೇಳುವ ತೇವದ ಹಬೆ. ಮೊಟ್ಟೆಯ ಚಿಪ್ಪು ಗಟ್ಟಿ ಗೋಡೆಯಲ್ಲ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳ ಮೂಲಕವೇ ಒಳಗಿನ ಮರಿ ಉಸಿರಾಡಬೇಕು, ಒಳಗಿನ ನೀರಿನಂಶ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗಬೇಕು.

ಉಪಾಯ ಸರಳ. ಒಂದು ಮರದ ಪೀಪಾಯಿ ತೆಗೆದುಕೊಂಡು ಒಳಗೋಡೆಗೆ ಹಬೆ ದಾಟದಂತೆ ಗಾರೆ ಬಳಿದು, ಗೊಬ್ಬರದ ರಾಶಿಯ ನಡುವೆ ಬಾಯಿ ಮೇಲಾಗಿ ಹೂತರು. ಮೊಟ್ಟೆಗಳನ್ನು ಬುಟ್ಟಿಗಳಲ್ಲಿಟ್ಟು ಒಂದರ ಮೇಲೊಂದರಂತೆ ಒಳಗೆ ಇಳಿಬಿಟ್ಟರು. ಮುಚ್ಚಳದಲ್ಲಿ ತೂತುಗಳು, ತೂತುಗಳಿಗೆ ಬಿರಡೆಗಳು. ಬಿಸಿ ಹೆಚ್ಚಾದರೆ ಒಂದೆರಡು ಬಿರಡೆ ತೆಗೆಯುವುದು, ಕಡಿಮೆಯಾದರೆ ಮುಚ್ಚುವುದು. ರಾಶಿ ತಣ್ಣಗಾಗುತ್ತ ಬಂದರೆ ಸುತ್ತ ಹೊಸ ಲದ್ದಿ ಒಟ್ಟುವುದು. ತೇವ ಹೆಚ್ಚಾಗಿದೆಯೇ ಎಂದು ನೋಡಲು ಒಂದು ತಣ್ಣನೆಯ ಮೊಟ್ಟೆಯನ್ನು ಒಳಗಿಡುತ್ತಿದ್ದರು. ಅದರ ಮೈಮೇಲೆ ಬೆವರಿನಂತೆ ನೀರು ಕೂತರೆ ಗಾಳಿ ಬಿಡಬೇಕೆಂದು ಅರ್ಥ.

ಈ ಬಾರಿ ಮರಿಗಳು ಬಂದವು.

ಆದರೆ ಉಷ್ಣಮಾಪಕ ಕೊಳ್ಳಲು ಆಗದ ಹಳ್ಳಿಯ ಹೆಂಗಸು ಏನು ಮಾಡಬೇಕು? ಅದಕ್ಕೂ ರೆಯೊಮ್ಯೂರ್ ದಾರಿ ಹುಡುಕಿದರು. ಬೆಣ್ಣೆಗೆ ಅದರ ಅರ್ಧದಷ್ಟು ದನದ ಕೊಬ್ಬು ಸೇರಿಸಿ ಕರಗಿಸಿ ಒಂದು ಪುಟ್ಟ ಸೀಸೆಗೆ ಹಾಕಿ ಮೊಟ್ಟೆಗಳ ಜೊತೆಗಿಡುವುದು. ಗಟ್ಟಿಯಾಗಿದ್ದರೆ ಬಿಸಿ ಸಾಲದು. ಓರೆಮಾಡಿದಾಗ ಪಾಕದಂತೆ ನಿಧಾನ ಜಾರಿದರೆ ಸರಿ. ಎಣ್ಣೆಯಂತೆ ಹರಿದರೆ ಕೂಡಲೇ ಬಿರಡೆ ತೆಗೆಯಬೇಕು. ಯುರೋಪಿನ ಅತ್ಯುತ್ತಮ ಉಷ್ಣಮಾಪಕಗಳಲ್ಲೊಂದನ್ನು ಮಾಡಿದ ಮನುಷ್ಯ ಅಡುಗೆಮನೆಯ ಬೆಣ್ಣೆಯಿಂದ ಇನ್ನೊಂದನ್ನು ಮಾಡಿಕೊಟ್ಟರು.

ಲದ್ದಿಯೊಂದನ್ನೇ ನಂಬಿ ಕೂರಲಿಲ್ಲ. ಪ್ಯಾರಿಸ್ಸಿನ ಒಂದು ಧರ್ಮಸಂಸ್ಥೆಯಲ್ಲಿ ದಿನವೂ ಬ್ರೆಡ್ ಬೇಯಿಸುತ್ತಿದ್ದರು. ಆ ಒಲೆಗಳ ಮೇಲಿನ ಕೋಣೆ ಸದಾ ಬೆಚ್ಚಗಿರುವುದನ್ನು ನೋಡಿ ಅಲ್ಲೂ ಮೊಟ್ಟೆ ಇಡಿಸಿದರು. ಹೇಗಾದರೂ ಉರಿಯುವ ಬೆಂಕಿ, ವ್ಯರ್ಥವಾಗಿ ಹೋಗುವ ಬಿಸಿ.

ಚಿಪ್ಪು ಒಡೆಯುವ ಗಳಿಗೆಯನ್ನು ಅವರು ವರ್ಣಿಸಿರುವುದು ಕೀಟಗಳನ್ನು ವರ್ಷಗಟ್ಟಲೆ ನೋಡಿದ ಕಣ್ಣಿನಿಂದ. ಮರಿ ತಲೆಯನ್ನು ರೆಕ್ಕೆಯಡಿಗೆ ಸಿಕ್ಕಿಸಿಕೊಂಡು ಮುದುಡಿರುತ್ತದೆ. ಕೊಕ್ಕಿನ ತುದಿಯ ಗಡುಸಾದ ಮೊನೆಯಿಂದ ಚಿಪ್ಪಿಗೆ ಕುಟ್ಟುತ್ತದೆ, ಸ್ವಲ್ಪ ತಿರುಗುತ್ತದೆ, ಮತ್ತೆ ಕುಟ್ಟುತ್ತದೆ. ಹೀಗೆ ಸುತ್ತಲೂ ಬಿರುಕು ಹಬ್ಬಿದ ಮೇಲೆ ಕಾಲಿನಿಂದ ಒದ್ದು ಮುಚ್ಚಳ ಕಳಚುತ್ತದೆ. ಇದಕ್ಕೆ ಕೆಲವು ಮರಿಗಳಿಗೆ ಕೆಲವೇ ಗಂಟೆ ಸಾಕು, ಕೆಲವಕ್ಕೆ ಇಡೀ ದಿನವೂ ಬೇಕು. ನೋಡುವವರಿಗೆ ಪಾಪ ಅನ್ನಿಸಿ ಚಿಪ್ಪು ಬಿಡಿಸಿಬಿಡೋಣ ಎನ್ನಿಸುತ್ತದೆ. ಹಾಗೆ ಅವಸರ ಮಾಡಬಾರದು. ಒಳಪೊರೆಯ ರಕ್ತನಾಳಗಳು ಇನ್ನೂ ಒಣಗಿರದಿದ್ದರೆ ರಕ್ತ ಸುರಿದು ಮರಿ ಸಾಯುತ್ತದೆ. ಆದರೆ ಬಿಳಿಲೋಳೆ ಒಣಗಿ ಗೋಂದಿನಂತೆ ಮರಿಯ ಪುಕ್ಕವನ್ನು ಚಿಪ್ಪಿಗೆ ಅಂಟಿಸಿಬಿಟ್ಟಿದ್ದರೆ ನಾವು ಕೈ ಹಾಕದೆ ಅದು ಉಳಿಯದು. ಆಗ ಒದ್ದೆಬಟ್ಟೆಯಿಂದ ನೆನೆಸಿ, ಚೂರು ಚೂರಾಗಿ ಬಿಡಿಸಬೇಕು. ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕೈ ಹಾಕಬೇಕು ಎಂದು ಗುರುತಿಸುವುದನ್ನು ಅವರು ಪುಟಗಟ್ಟಲೆ ವಿವರಿಸಿದರು.

ಮರಿ ಹೊರಬಂದರೆ ಅರ್ಧ ಕೆಲಸ ಮಾತ್ರ ಮುಗಿಯಿತು. ಮೊದಲ ದಿನ ಅದಕ್ಕೆ ತಿನ್ನಿಸುವ ಅಗತ್ಯವೇ ಇಲ್ಲ. ಹೊರಬರುವ ಮುಂಚೆ ಮೊಟ್ಟೆಯ ಹಳದಿ ಭಾಗ ಅದರ ಹೊಟ್ಟೆಯೊಳಗೆ ಸೇರಿಕೊಂಡಿರುತ್ತದೆ, ಅದೇ ಬುತ್ತಿ. ಆಮೇಲೆ ಬ್ರೆಡ್ಡಿನ ಪುಡಿ, ಬೇಯಿಸಿ ಚೂರು ಮಾಡಿದ ಮೊಟ್ಟೆ, ಬರಗಿನಂಥ ಸಣ್ಣ ಕಾಳು. ತಿನಿಸಿನದ್ದು ಸುಲಭ. ಕಷ್ಟವಿದ್ದದ್ದು ಬಿಸಿಯದ್ದು. ಹುಟ್ಟಿದ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ತಾಯಿಯಿದ್ದರೆ ಆಗಾಗ ರೆಕ್ಕೆಯಡಿ ಸೇರಿಕೊಳ್ಳುತ್ತದೆ. ಪೀಪಾಯಿಯಲ್ಲಿ ಹುಟ್ಟಿದ್ದಕ್ಕೆ ರೆಕ್ಕೆ ಎಲ್ಲಿಂದ ತರುವುದು?

ರೆಯೊಮ್ಯೂರ್ ಒಂದು ಪೆಟ್ಟಿಗೆ ಮಾಡಿಸಿದರು. ಒಳಗೆಲ್ಲ ಉಣ್ಣೆಸಮೇತ ಕುರಿಮರಿ ಚರ್ಮದ ಹೊದಿಕೆ. ಮೇಲ್ಛಾವಣಿ ಬರೆಯುವ ಮೇಜಿನಂತೆ ಇಳಿಜಾರು. ಚಿಕ್ಕ ಮರಿ ತಗ್ಗಿನ ಕಡೆಗೆ, ದೊಡ್ಡದು ಎತ್ತರದ ಕಡೆಗೆ ಹೋಗಿ ನಿಂತರೆ, ಎರಡಕ್ಕೂ ಬೆನ್ನಿಗೆ ಉಣ್ಣೆ ಒತ್ತುತ್ತದೆ, ತಾಯಿಯ ಹೊಟ್ಟೆ ಒತ್ತಿದ ಹಾಗೆ. ಇದಕ್ಕೆ ಅವರು ಕೃತಕ ತಾಯಿ ಎಂದು ಹೆಸರಿಟ್ಟರು. ಒಂದೇ ಕಡೆ ಬಾಯಿ ಇದ್ದರೆ ಮರಿಗಳು ಒಂದರ ಮೇಲೊಂದು ನುಗ್ಗಿ ಒಳಗಿನವು ಅಪ್ಪಚ್ಚಿಯಾಗುತ್ತವೆ ಎಂದು ಕಂಡದ್ದರಿಂದ ಎರಡೂ ಕಡೆ ತೆರೆದಿಟ್ಟರು. ಬ್ರಾಯ್ಲರ್ ಫಾರಂಗಳಲ್ಲಿ ಬಲ್ಬಿನ ಕೆಳಗೆ ಮರಿಗಳು ಗುಂಪುಗೂಡಿರುವುದನ್ನು ನೋಡಿದ್ದೀರಲ್ಲ, ಬ್ರೂಡರ್ ಎನ್ನುವ ಆ ಏರ್ಪಾಡಿನ ಪೂರ್ವಜ ಈ ಪೆಟ್ಟಿಗೆ.

ಇನ್ನೊಂದು ದಾರಿಯೂ ಇತ್ತು. ಬೀಜ ತೆಗೆದ ಹುಂಜಕ್ಕೆ ಮರಿ ಸಾಕುವುದನ್ನು ಕಲಿಸುವುದು. ಹಳ್ಳಿಗಳಲ್ಲಿ ಇದಕ್ಕಾಗಿ ಹುಂಜದ ಹೊಟ್ಟೆಯ ಪುಕ್ಕ ಕಿತ್ತು ತುರಿಕೆ ಗಿಡದಿಂದ ಉಜ್ಜುತ್ತಿದ್ದರಂತೆ. ಉರಿ ತಾಳಲಾರದೆ ಅದು ಮರಿಗಳ ಮೃದು ಮೈಯನ್ನು ಬಯಸಲಿ ಎಂದು. ರೆಯೊಮ್ಯೂರ್ ಅವರಿಗೆ ಈ ಹಿಂಸೆ ಬೇಡವೆನಿಸಿತು. ಹುಂಜವನ್ನು ಕತ್ತಲೆಯ ಇಕ್ಕಟ್ಟಿನ ತೊಟ್ಟಿಯಲ್ಲಿ ಒಂದೆರಡು ದಿನ ಕೂರಿಸಿ, ಒಂದೆರಡು ಮರಿಗಳನ್ನು ಜೊತೆಗೆ ಬಿಟ್ಟು, ಒಗ್ಗಿದ ಮೇಲೆ ಇನ್ನಷ್ಟನ್ನು ಸೇರಿಸಿದರು. ಅಷ್ಟರಿಂದಲೇ ಅದು ಮರಿಗಳನ್ನು ಕೂಗಿ ಕರೆದು ಕಾಳು ತೋರಿಸುವಷ್ಟಾಯಿತು.

ಇದನ್ನೆಲ್ಲ 1749ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಮರು ವರ್ಷವೇ ಇಂಗ್ಲಿಷಿಗೆ ಅನುವಾದವಾಯಿತು. ಓದಿದವರು ಬಹಳ, ಮಾಡಿದವರು ಕಡಿಮೆ. ತಿಪ್ಪೆಯ ಬಿಸಿ ಹವೆಗೆ ತಕ್ಕಂತೆ ಏರಿಳಿಯುತ್ತದೆ. ರಾತ್ರಿ ಎದ್ದು ಬಿರಡೆ ನೋಡಬೇಕು, ಒಂದು ರಾತ್ರಿ ಮೈಮರೆತರೆ ನೂರಾರು ಮೊಟ್ಟೆ ಹಾಳು. ಬೆರ್ಮೆಯವನಿಗೆ ಅದು ಕಸುಬು, ರೈತನಿಗೆ ಹತ್ತರ ಜೊತೆ ಹನ್ನೊಂದನೆಯ ಕೆಲಸ. ಬಿಸಿಯನ್ನು ತಾನಾಗಿ ಹತೋಟಿಯಲ್ಲಿಡುವ ಸಾಧನ ಬರುವವರೆಗೂ ಇದು ಊರೂರಿಗೆ ಹಬ್ಬಲಿಲ್ಲ. ಅಂಥದ್ದನ್ನು ಬಿಸಿನೀರಿನ ಕೊಳವೆಗಳೊಂದಿಗೆ ಬೊನ್‌ಮ್ಯಾಂ ಎಂಬ ಇನ್ನೊಬ್ಬ ಫ್ರೆಂಚ್ ಮನುಷ್ಯ 1770ರ ದಶಕದ ಕೊನೆಯ ಹೊತ್ತಿಗೆ ಮಾಡಿ, ಪ್ಯಾರಿಸ್ಸಿನ ಮಾರುಕಟ್ಟೆಗೆ ಕೋಳಿಮರಿ ಒದಗಿಸಿದ. ಅದನ್ನು ನೋಡಲು ರೆಯೊಮ್ಯೂರ್ ಇರಲಿಲ್ಲ.

ಹಕ್ಕಿಗಳನ್ನು ಅವರು ಕೊನೆಯವರೆಗೂ ಬಿಡಲಿಲ್ಲ. 1752ರಲ್ಲಿ ಹದ್ದಿನ ಜಾತಿಯ ಒಂದು ಸಾಕುಹಕ್ಕಿಗೆ, ಎರಡೂ ತುದಿಗೆ ತಂತಿಬಲೆ ಕಟ್ಟಿದ ಪುಟ್ಟ ಲೋಹದ ಕೊಳವೆಯಲ್ಲಿ ಮಾಂಸ ತುಂಬಿ ನುಂಗಿಸಿದರು. ಹಕ್ಕಿ ಕಕ್ಕಿದಾಗ ಕೊಳವೆ ಹಾಗೇ ಇತ್ತು, ಮಾಂಸ ಮಾತ್ರ ಕರಗಿತ್ತು. ಜಠರ ಅರೆದು ಪುಡಿಮಾಡುವುದಷ್ಟೇ ಅಲ್ಲ, ರಸದಿಂದ ಕರಗಿಸುತ್ತದೆ ಎಂದು ಇದರಿಂದ ಗೊತ್ತಾಯಿತು. ಜೀರ್ಣಕ್ರಿಯೆಯ ಪಾಠ ಓದುವ ಸಯನ್ಸ್ ವಿದ್ಯಾರ್ಥಿಗಳಿಗೆ ಇದು ಉಪಯೋಗಕ್ಕೆ ಬಂದೀತು.

1757ರ ಅಕ್ಟೋಬರ್ 17ರಂದು, ಹಳ್ಳಿಯ ತಮ್ಮ ಬೆರ್ಮೊಂಡಿಯೆರ್ ಬಂಗಲೆಯಲ್ಲಿದ್ದಾಗ ಕುದುರೆಯಿಂದ ಬಿದ್ದ ಪೆಟ್ಟಿನಿಂದ ತೀರಿಕೊಂಡರು. ವಯಸ್ಸು 74. ಮದುವೆಯಾಗಿರಲಿಲ್ಲ. ಕೂಡಿಟ್ಟ ಹಕ್ಕಿ, ಕೀಟ, ಖನಿಜಗಳ ಸಂಗ್ರಹವನ್ನು ಅಕಾಡೆಮಿಗೆ ಬರೆದಿಟ್ಟಿದ್ದರು. ರಾಜಾಜ್ಞೆಯ ಮೇರೆಗೆ ಅದು ಅರಸನ ಸಂಗ್ರಹಾಲಯಕ್ಕೆ ಹೋಯಿತು. ಅವರ ಸಹಾಯಕರಾಗಿದ್ದ ಬ್ರಿಸ್ಸೊನ್ ಅದೇ ಹಕ್ಕಿಗಳನ್ನು ಆಧರಿಸಿ 1760ರಲ್ಲಿ ಪಕ್ಷಿಶಾಸ್ತ್ರದ ದೊಡ್ಡ ಗ್ರಂಥವನ್ನೇ ಹೊರತಂದರು.

ಈಜಿಪ್ಟಿನ ಒಲೆಮನೆಗಳು ಅವರ ನಂತರವೂ ನಿಲ್ಲಲಿಲ್ಲ. ಬೆರಣಿಯ ಜಾಗಕ್ಕೆ ಕೆಲವೆಡೆ ಸೀಮೆಎಣ್ಣೆಯ ದೀಪ ಬಂತು. ವಿದ್ಯುತ್ ಇನ್‌ಕ್ಯುಬೇಟರ್ ಬಂದ ಈ ಶತಮಾನದಲ್ಲೂ ನೈಲ್ ಮುಖಜಭೂಮಿಯ ಕೆಲವು ಹಳ್ಳಿಗಳಲ್ಲಿ ಮೊಟ್ಟೆಯನ್ನು ಕಣ್ಣುರೆಪ್ಪೆಗೆ ತಾಗಿಸಿ ನೋಡುವವರಿದ್ದಾರೆ.